ಐದು ಪದ್ಯದ ಮೊಟ್ಟೆ

ಬಾಳಕೃಷ್ಣರಾಯರಿಗೆ ಗಡಿಯಾರ ನೋಡಿ ಮೊಟ್ಟೆ ಬೇಯಿಸಲು ಬರುತ್ತಿರಲಿಲ್ಲ. ಪದ್ಯ ಹೇಳಿ ಬೇಯಿಸುವುದೊಂದೇ ಅವರಿಗೆ ಗೊತ್ತಿದ್ದ ವಿದ್ಯೆ. ಆ ಬುಧವಾರ ಧನಕವಡಿಯ ಅವರ ಮೂರನೆಯ ಮಹಡಿಯ ಮನೆಯಲ್ಲಿ ನಡೆದ ಫಜೀತಿಗೆಲ್ಲ ಮೂಲ ಇಷ್ಟೇ.

ಈ ವಿದ್ಯೆ ಅವರಿಗೆ ಹತ್ತಿದ್ದು ಮೂವತ್ತೆಂಟು ವರ್ಷದ ಹಿಂದೆ, ಪಿಂಪ್ರಿಯ ಇಂಜಿನ್ ಕಾರಖಾನೆಯೊಂದರ ಕ್ಯಾಂಟೀನಿನಲ್ಲಿ. ಧಾರವಾಡದಿಂದ ಆಗಷ್ಟೇ ಬಂದಿದ್ದ ಹುಡುಗ ಬಾಳಕೃಷ್ಣ ಬೆಳಗಿನ ಆರಕ್ಕೆ ಮೊದಲ ಪಾಳಿಗೆ ಹಾಜರಾಗುತ್ತಿದ್ದ. ಸುತ್ತ ಮರಾಠಿಯ ಗದ್ದಲ, ಕಬ್ಬಿಣದ ಗದ್ದಲ. ಚಹದ ಬಿಡುವಿನಲ್ಲಿ ಅವನು ಕ್ಯಾಂಟೀನಿನ ಮೂಲೆ ಹಿಡಿದು ಕುಳಿತು, ಅಜ್ಜಿ ಮಜ್ಜಿಗೆ ಕಡೆಯುತ್ತ ಹೇಳುತ್ತಿದ್ದ ಷಟ್ಪದಿಗಳನ್ನು ಗುನುಗಿಕೊಳ್ಳುತ್ತಿದ್ದ. ಮೊಸಳೆಯ ಬಾಯಿಗೆ ಕಾಲು ಕೊಟ್ಟ ಆನೆ ಹರಿಯನ್ನು ಕೂಗಿ ಕರೆಯುವ ಪದ್ಯಗಳು. ಒಟ್ಟು ಇಪ್ಪತ್ತೆರಡು. ಅಜ್ಜಿಯ ಧಾಟಿಯಲ್ಲಿ ಎಳೆದು ಹೇಳಿದರೆ ಒಂದು ಪದ್ಯಕ್ಕೆ ಒಂದು ನಿಮಿಷಕ್ಕಿಂತ ತುಸು ಹೆಚ್ಚು ಹಿಡಿಯುತ್ತಿತ್ತು.

ಒಂದು ದಿನ ಒಲೆಯ ಹಿಂದಿನಿಂದ ಒಂದು ತಲೆ ಎದ್ದು, ರಾಯರ, ಇನ್ನಷ್ಟು ಜೋರಾಗಿ ಹೇಳ್ರಿ ಎಂದಿತು. ಅಡಿಗೆಯ ಲಾಲಪ್ಪ. ಸಿಂಧನೂರಿನ ಕಡೆಯವನು. ಕಾರಖಾನೆಗೆ ಪರದೇಶದಿಂದ ಬರುತ್ತಿದ್ದ ಇಂಜಿನಿಯರರ ಅತಿಥಿಗೃಹದಲ್ಲಿ ಮುದುಕ ಬಾಣಸಿಗನೊಬ್ಬನ ಕೈಕೆಳಗೆ ಪಳಗಿ, ಸ್ಕಾಚ್ ಎಗ್ ಮಾಡುವುದನ್ನು ಕಲಿತಿದ್ದ. ಬೇಯಿಸಿದ ಮೊಟ್ಟೆಗೆ ಖೀಮಾದ ಕವಚ ತೊಡಿಸಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಕರಿದರೆ ಅದು. ಹೆಸರು ಕೇಳಿದ ಬಾಳಕೃಷ್ಣ, ಒಂದೇ ತುತ್ತಿಗೆ ಮೊಟ್ಟೆ, ಮಾಂಸ, ಮದ್ಯ ಮೂರೂ ಪಾಪ ಎಂದು ಬೆವತ. ಲಾಲಪ್ಪ ಅವನಿಗಾಗಿ ಬೇರೆಯೇ ಒಂದು ಮಾಡಿದ. ಮಾಂಸ ತೆಗೆದು, ಬಟಾಟೆ ಮತ್ತು ರುಬ್ಬಿದ ಕಡಲೆಬೇಳೆಯ ಕವಚ ಹಾಕಿ, ಮೇಲಿಷ್ಟು ಬ್ಯಾಡಗಿ ಖಾರ. ಪಾಪ ಮೂರರಿಂದ ಒಂದಕ್ಕಿಳಿಯಿತು. ಒಂದನ್ನು ಬಾಳಕೃಷ್ಣ ಹೊಟ್ಟೆಗೆ ಹಾಕಿಕೊಂಡ.

ಕ್ಯಾಂಟೀನಿನ ಗಡಿಯಾರ ನಿಂತು ವರ್ಷಗಳಾಗಿದ್ದವು. ಲಾಲಪ್ಪ ಮೊಟ್ಟೆಯನ್ನು ಕುದಿನೀರಿಗೆ ಬಿಟ್ಟು, ಹೂಂ, ಸುರು ಮಾಡ್ರಿ ಎನ್ನುತ್ತಿದ್ದ. ಐದನೆಯ ಪದ್ಯ ಮುಗಿದ ಕೂಡಲೇ ಸಾಕ್ರಿ ಎಂದು ಪಾತ್ರೆ ಇಳಿಸುತ್ತಿದ್ದ. ಅವನ ಶಾಸ್ತ್ರ ಸರಳವಾಗಿತ್ತು: "ಐದು ಪದ್ಯಕ್ಕ ಹಳದಿ ಜೇನಾಗ್ತೈತ್ರಿ, ಏಳಕ್ಕ ಫೇಡೆ ಆಗ್ತೈತಿ, ಹತ್ತು ದಾಟಿದ್ರ ಸುಣ್ಣ."

ಆ ಜೇನಿನ ರುಚಿಯನ್ನು ಏನೆಂದು ಹೇಳುವುದು? ಹೊರಗಿನದು ಹಲ್ಲಿಗೆ ಸಿಕ್ಕು ಗರಿಗರಿಯೆಂದು ಮುರಿಯುತ್ತಿತ್ತು, ಒಳಗಿನ ಖಾರ ಮೂಗಿಗೆ ಏರುತ್ತಿತ್ತು, ಅಷ್ಟರಲ್ಲಿ ಬೆಚ್ಚನೆಯ ಹಳದಿ ನಾಲಗೆಯ ಮೇಲೆ ಹರಿದು ಎಲ್ಲವನ್ನೂ ಸಮಾಧಾನ ಮಾಡುತ್ತಿತ್ತು. ಅದನ್ನು ತಿಂದ ದಿನ ಧಾರವಾಡ ಅಷ್ಟೇನೂ ದೂರ ಅನ್ನಿಸುತ್ತಿರಲಿಲ್ಲ. ಒಂದು ದಿನ ಇದನ್ನು ನನ್ನ ಕೈಯಾರೆ ಮಾಡಿ ನಿನಗೆ ತಿನ್ನಿಸುತ್ತೇನೆ ಎಂದು ಬಾಳಕೃಷ್ಣ ಲಾಲಪ್ಪನಿಗೆ ಮಾತು ಕೊಟ್ಟಿದ್ದ. ಆಮೇಲೆ ಶಿವಾಜಿನಗರದ ಆಫೀಸಿಗೆ ವರ್ಗವಾಯಿತು, ಮದುವೆಯಾಯಿತು, ಮೊಟ್ಟೆಯ ಹೆಸರೆತ್ತಿದರೂ ಬಾಯಿ ತೊಳೆದುಕೊಳ್ಳುವಂಥ ಮನೆತನದ ಮುಕ್ತಾ ಹೆಂಡತಿಯಾಗಿ ಬಂದಳು. ಹುಡುಗ ಷಟ್ಪದಿ ಭಾಳ ಚೆಂದ ಹೇಳ್ತಾನಂತ ಎಂದು ಕೇಳಿಯೇ ಅವಳು ಒಪ್ಪಿದ್ದಳು. ಆದರೆ ಮದುವೆಯಾದ ಮೇಲೆ ರಾಯರು ಒಂದು ಪದ್ಯವನ್ನೂ ಹೇಳಲಿಲ್ಲ. ಮೊದಲ ಸಾಲಿಗೇ ಬಾಯಲ್ಲಿ ನೀರೂರುತ್ತಿತ್ತು, ಎರಡನೆಯದಕ್ಕೆ ಹೊಟ್ಟೆ ಕರೆಯುತ್ತಿತ್ತು. ಗಂಟಲು ಸರಿಯಿಲ್ಲವೆಂದು ಮೂವತ್ತು ವರ್ಷ ಸಾಗಹಾಕಿದರು.

ಸೋಮವಾರ ಲಾಲಪ್ಪನ ಫೋನು ಬಂತು. ಗುರುವಾರ ಊರಿಗೆ ಹೊರಟಿದ್ದೇನೆ, ಇನ್ನು ಪುಣೆಗೆ ಬರುವುದಿಲ್ಲ, ಬುಧವಾರ ನಾಲ್ಕಕ್ಕೆ ಬಂದು ನಿಮ್ಮ ಮುಖ ನೋಡಿ ಹೋಗುತ್ತೇನೆ ಎಂದ. ಬುಧವಾರವೇ ಮುಕ್ತಾ ಚಿಂಚವಾಡದಲ್ಲಿದ್ದ ಮಗಳು ಸುರಭಿಯ ಮನೆಗೆ ಹೋಗುವವಳಿದ್ದಳು. ರಾಯರಿಗೆ ಇದು ದೇವರೇ ಹಾಕಿಕೊಟ್ಟ ಮುಹೂರ್ತವೆನ್ನಿಸಿತು. ಮಾತು ಉಳಿಸಿಕೊಳ್ಳಲು ಜನ್ಮದಲ್ಲಿ ಸಿಗುವ ಒಂದೇ ದಿನ, ಅದರಲ್ಲೂ ಒಂದೇ ಮಧ್ಯಾಹ್ನ.

ಬುಧವಾರ ಒಂಬತ್ತಕ್ಕೆ ಮುಕ್ತಾ ಹೊರಟಳು. ಒಂಬತ್ತೂಕಾಲಕ್ಕೆ ರಾಯರು ಸ್ಟೀಲಿನ ಡಬ್ಬಿ ಚೀಲದಲ್ಲಿಟ್ಟುಕೊಂಡು, ಪರಿಚಯದವರು ಯಾರೂ ಇರದ ಕಾತ್ರಜದ ಅಂಗಡಿಗೆ ನಡೆದರು. ಅಂಗಡಿಯವನು ಬೀದಿಗೆಲ್ಲ ಕೇಳುವಂತೆ, "ಕಾಕಾ, ಗಾವಠೀ ಪಾಹಿಜೇ ಕಾ?" ಎಂದ. ಜವಾರಿ ಕೋಳಿಯ ಮೊಟ್ಟೆ ಬೇಕೋ ಎಂದು ಅವನು ಕೇಳಿದ್ದು. ರಾಯರು ಎಂಟು ಬೆರಳು ತೋರಿಸಿ, ಬಾಯಿ ತೆರೆಯದೆ ವ್ಯವಹಾರ ಮುಗಿಸಿದರು. ಮನೆಗೆ ಬರುವಾಗ ಚೀಲವನ್ನು ಎದೆಗವಚಿಕೊಂಡ ರೀತಿ ನೋಡಿ, ಬಸ್ಸಿನಲ್ಲಿ ಒಬ್ಬ ಹೆಂಗಸು ಎದ್ದು ಜಾಗ ಬಿಟ್ಟುಕೊಟ್ಟಳು.

ಮುಕ್ತಾಳ ಒಲೆಯನ್ನು ಮುಟ್ಟುವ ಧೈರ್ಯ ಅವರಿಗಿರಲಿಲ್ಲ. ಅಡಿಗೆಮನೆಯ ಹಿಂದಿನ ಡ್ರೈ ಬಾಲ್ಕನಿಯಲ್ಲಿ, ವಾಷಿಂಗ್ ಮಶೀನಿನ ಮಗ್ಗುಲಲ್ಲಿ, ಇಂಡಕ್ಷನ್ ಒಲೆ ಹೂಡಿದರು. ಗೀಝರ್ ಕೆಟ್ಟಾಗ ನೀರು ಕಾಯಿಸಲು ಇಟ್ಟಿದ್ದ ಹಳೆಯ ಅಲ್ಯುಮಿನಿಯಂ ಪಾತ್ರೆ ಸಿಕ್ಕಿತು. ಬಟಾಟೆ ಬೇಯಿಸಿದರು, ಬೇಳೆ ರುಬ್ಬಿದರು. ಎರಡು ಗಂಟೆಗೆ ನೀರು ಕುದಿಯಿತು. ನಾಲ್ಕು ಮೊಟ್ಟೆಗಳನ್ನು ಸೌಟಿನಲ್ಲಿ ಮೆಲ್ಲಗೆ ಇಳಿಸಿ, ಗಂಟಲು ಸರಿಮಾಡಿಕೊಂಡು, ಮೂವತ್ತು ವರ್ಷದ ನಂತರ ಮೊದಲ ಪದ್ಯ ಎತ್ತಿದರು.

ದನಿ ಅವರಿಗೇ ಹೊಸದೆನ್ನಿಸಿತು. ಆನೆ ಕೊಳಕ್ಕಿಳಿಯಿತು, ತಾವರೆ ಕಿತ್ತಿತು, ನೀರು ಚಿಮ್ಮಿಸಿತು. ರಾಯರ ಕಣ್ಣ ಮುಂದೆ ಕ್ಯಾಂಟೀನಿನ ಹೊಗೆ, ಲಾಲಪ್ಪನ ಹೆಗಲ ಮೇಲಿನ ಒದ್ದೆ ಟವೆಲು, ಅಜ್ಜಿಯ ಕಡಗೋಲು ಎಲ್ಲ ಒಟ್ಟಿಗೇ ಸುಳಿದವು. ಡ್ರೈ ಬಾಲ್ಕನಿ ತೆರೆದುಕೊಳ್ಳುವುದು ಕಟ್ಟಡದ ನಡುವೆ ಪೈಪುಗಳು ಇಳಿಯುವ ತೆರೆದ ಗಂಡಿಯತ್ತ ಎಂಬುದನ್ನು ಅವರು ಮರೆತಿದ್ದರು. ಮೂರನೆಯ ಪದ್ಯದ ಕೊನೆಯ ಸಾಲು ಹೇಳುತ್ತಿದ್ದಂತೆ, ಮೇಲಿನಿಂದ ಮತ್ತೊಂದು ದನಿ ಅದೇ ಸಾಲನ್ನು ಮರಳಿ ಹೇಳಿತು.

ನಾಲ್ಕನೆಯ ಮಹಡಿಯ ರಂಗೂಬಾಯಿ. ಎಪ್ಪತ್ತಾರರ ವಿಧವೆ, ಬೆಳಗಾವಿಯವರು, ಕಟ್ಟಡದ ಇಪ್ಪತ್ತು ಮನೆಗಳ ವಿಷಯವೂ ಆ ಮನೆಯವರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು. ನಾಲ್ಕನೆಯ ಪದ್ಯದ ನಡುವೆ ಕರೆಗಂಟೆ ಮೊಳಗಿತು. ನಿಲ್ಲಿಸಿದರೆ ಲೆಕ್ಕ ತಪ್ಪುತ್ತದೆ. ರಾಯರು ಪದ್ಯ ಹೇಳುತ್ತಲೇ ಬಾಗಿಲು ತೆರೆದರು. ಕೈಯಲ್ಲಿ ಹೂವಿನ ಬಟ್ಟಲು ಹಿಡಿದಿದ್ದ ರಂಗೂಬಾಯಿ, ಅಂಥ ತನ್ಮಯತೆಯನ್ನು ಹಿಂದೆಂದೂ ಕಾಣದವರಂತೆ ಚಪ್ಪಲಿ ಬಿಟ್ಟು ಒಳಗೆ ಬಂದು ಸೋಫಾದ ಮುಂದೆ ನೆಲದ ಮೇಲೆ ಕುಳಿತರು.

ಐದನೆಯದು ಮುಗಿಯಿತು. ರಾಯರು ತಿರುಗಿ ಒಳಗೆ ಓಡಲು ಒಂದು ಹೆಜ್ಜೆ ಇಟ್ಟರು.

"ಬಾಳೂ, ಎಲ್ಲಿ ಹೊಂಟಿ?" ಎಂದರು ರಂಗೂಬಾಯಿ. "ಆನೀ ಕಾಲು ಇನ್ನೂ ಮಸಳೀ ಬಾಯಾಗ ಅದ."

"ಇಲ್ಲ ಕಾಕು, ಒಂದು ನಿಮಿಷ."

"ಹರಿ ಬಂದು ಬಿಡಸೋ ತನಕ ಏಳಬಾರದು. ಅರ್ಧಕ್ಕ ಬಿಟ್ಟು ಎದ್ದ ಮನಿ ಉದ್ಧಾರ ಆಗೂದಿಲ್ಲ. ನಿಮ್ಮಜ್ಜಿ ಹೇಳಿಲ್ಲೇನು?"

ಅಜ್ಜಿ ಹೇಳಿದ್ದಳು. ಅದೇ ತೊಂದರೆ. ರಾಯರು ಕುಳಿತರು. ಆರನೆಯ ಪದ್ಯ, ಏಳನೆಯ ಪದ್ಯ. ಒಳಗೆ ಜೇನು ಫೇಡೆಯಾಗುತ್ತಿರುವುದು ಅವರಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಆನೆಯ ಆರ್ತನಾದದ ಪದ್ಯದಲ್ಲಿ ಅವರ ದನಿ ನಿಜವಾಗಿಯೂ ನಡುಗಿತು. ರಂಗೂಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಹತ್ತನೆಯದರ ಹೊತ್ತಿಗೆ ತೆರೆದ ಬಾಗಿಲಲ್ಲಿ ಸೊಸೈಟಿಯ ಸೆಕ್ರೆಟರಿ ರಘುರಾಮ ಮೊಬೈಲು ಎತ್ತಿ ಹಿಡಿದುಕೊಂಡು ನಿಂತಿದ್ದ. ಬೆಂಗಳೂರಿನವನು, ಮನೆಯಿಂದಲೇ ಕಂಪ್ಯೂಟರಿನ ಕೆಲಸ ಮಾಡುವವನು. ಆ ಕೆಲಸ ಯಾವಾಗ ಮಾಡುತ್ತಾನೆಂದು ಯಾರಿಗೂ ಗೊತ್ತಿರಲಿಲ್ಲ. ಅವನ ಹಿಂದೆ ಅವನ ತಾಯಿ ಅಂಬಾಬಾಯಿ ಹಚ್ಚಿದ ದೀಪ ಹಿಡಿದು ಬಂದರು. ಇಪ್ಪತ್ತೆರಡನೆಯ ಪದ್ಯದಲ್ಲಿ ಹರಿ ಬಂದು ಆನೆಯನ್ನು ಬಿಡಿಸುವಾಗ ಹಾಲಿನಲ್ಲಿ ಏಳು ಜನರಿದ್ದರು. ರಾಯರನ್ನು ಬಿಡಿಸುವವರು ಯಾರೂ ಇರಲಿಲ್ಲ.

"ಸಾರ್, ಇಷ್ಟು ಟ್ಯಾಲೆಂಟ್ ಇಟ್ಕೊಂಡು ಸುಮ್ನೆ ಕೂತಿದೀರಲ್ಲ," ಎಂದ ರಘುರಾಮ. "ವಿಡಿಯೋ ಗ್ರೂಪಿಗೆ ಹಾಕ್ದೆ. ಆಲ್ರೆಡಿ ಇಪ್ಪತ್ತು ಜನ ನಮಸ್ಕಾರ ಕಳ್ಸಿದಾರೆ." ಆಮೇಲೆ ಮೂಗು ಅರಳಿಸಿ, "ಏನೋ ವಾಸನೆ ಬರ್ತಿದೆ ಅಲ್ವಾ? ಗ್ಯಾಸ್ ಲೀಕ್ ಆಗಿರ್ಬೇಕು, ನೋಡ್ತೀನಿ ಇರಿ" ಎಂದು ಒಳಗೆ ನುಗ್ಗಹೊರಟ.

ಒಂದು ಮೊಟ್ಟೆ ಒಡೆದಿತ್ತೆಂದು ರಾಯರ ಮೂಗು ಆಗಲೇ ತಿಳಿಸಿತ್ತು. ಅವರು ಅಡಿಗೆಮನೆಯ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದರು. ಬಾಯಿಗೆ ಬಂದದ್ದೊಂದೇ ಮಾತು.

"ಒಳಗ ಮಡಿ ಅದ. ನೈವೇದ್ಯ ಆಗ್ಲಿಕ್ಹತ್ತದ."

ಮಡಿ ಎಂದ ಮೇಲೆ ಮುಗಿಯಿತು. ರಘುರಾಮ ಬೆಂಕಿ ಮುಟ್ಟಿದವನಂತೆ ಹಿಂದೆ ಸರಿದ. ರಂಗೂಬಾಯಿಯವರಂತೂ, ಯಾರೂ ಒಳಗೆ ಹೋಗಕೂಡದೆಂದು ಬಾಗಿಲಿನ ಎದುರಿಗೇ ಹೋಗಿ ಕಾವಲು ಕುಳಿತರು. ಮೊಟ್ಟೆಗೆ ಇಷ್ಟು ಭದ್ರವಾದ ಪಹರೆ ಯಾವ ಕೋಳಿಯೂ ಕೊಟ್ಟಿರಲಾರದು.

ರಾಯರು ಒಳಗೆ ಬಂದು ಒಂದು ಕಟ್ಟು ಊದುಬತ್ತಿ ಒಟ್ಟಿಗೇ ಹಚ್ಚಿ, ಮೊಟ್ಟೆ ಸುಲಿದು ಕತ್ತರಿಸಿ ನೋಡಿದರು. ಸುಣ್ಣ. ಗೋಡೆಗೆ ಹಚ್ಚಬಹುದಾದಂಥ ಸುಣ್ಣ. ನಾಲ್ಕನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ವಾಷಿಂಗ್ ಮಶೀನಿನ ಹೊಟ್ಟೆಗೆ ಹಾಕಿ ಮುಚ್ಚಿದರು. ಆಗ ಫೋನು ಬಂತು, ಮುಕ್ತಾಳದು. ಸುರಭಿಯ ಮನೆಯಲ್ಲಿ ಕುಳಿತು ಗ್ರೂಪಿನಲ್ಲಿ ವಿಡಿಯೋ ನೋಡಿದ್ದಳು. ಮೂವತ್ತು ವರ್ಷ ಕೇಳಿ ಕೇಳಿ ಸೋತಿದ್ದೆ, ನಾನು ಇಲ್ಲದ ದಿನವೇ ಹೇಳಬೇಕೆ ಎಂದಳು. ಈಗಲೇ ಹೊರಡುತ್ತೇನೆಂದು ಅವಳು ಫೋನಿಟ್ಟಳು. ಚಿಂಚವಾಡದಿಂದ ಧನಕವಡಿಗೆ ಎಷ್ಟು ಹೊತ್ತು ಎಂದು ಅವರು ಎಣಿಸಿದರು. ಐದರೊಳಗೆ ಬರಲಾರಳು. ಲಾಲಪ್ಪ ನಾಲ್ಕಕ್ಕೆ. ಇನ್ನೂ ನಾಲ್ಕು ಮೊಟ್ಟೆ ಇದ್ದವು.

ತೊಂದರೆ ಒಂದೇ. ಜನ ಏಳಲಿಲ್ಲ. ನೈವೇದ್ಯವಾಗುತ್ತಿದೆಯೆಂದು ತಾವೇ ಹೇಳಿದ ಮೇಲೆ ಪ್ರಸಾದ ತೆಗೆದುಕೊಳ್ಳದೆ ಯಾರು ಎದ್ದಾರು? ಅದೂ ಅಲ್ಲದೆ ತಡವಾಗಿ ಬಂದ ಅಂಬಾಬಾಯಿ, ಆನೆ ನೀರಿಗಿಳಿದದ್ದು ತಮಗೆ ಸಿಗಲಿಲ್ಲ, ಮೊದಲಿನಿಂದ ಇನ್ನೊಮ್ಮೆ ಆಗಲಿ ಎಂದು ಹಟ ಹಿಡಿದಿದ್ದರು.

ಆಗ ರಾಯರಿಗೆ ಜನ್ಮದಲ್ಲಿ ಒಮ್ಮೆ ಹೊಳೆಯುವಂಥ ಉಪಾಯ ಹೊಳೆಯಿತು. ಕುದಿನೀರಿಗೆ ನಾಲ್ಕು ಮೊಟ್ಟೆ ಬಿಟ್ಟು, ಓಡಿ ಬಂದು ಹಾಲಿನ ನಡುವೆ ಕುಳಿತು ಮೊದಲ ಪದ್ಯ ಎತ್ತಿದರು. ಏಳು ಜನ ತಾಳ ಹಾಕಿದರು. ಎರಡು, ಮೂರು, ನಾಲ್ಕು. ಐದನೆಯದರ ಕೊನೆಗೆ ಎದ್ದು ಕೈ ಮುಗಿದು, ನೈವೇದ್ಯ ನೋಡಬೇಕು, ಕಾಕು ಮುಂದಿನದನ್ನು ಹೇಳಲಿ ಎಂದರು. ರಂಗೂಬಾಯಿ ಅದಕ್ಕಾಗಿ ಎಪ್ಪತ್ತು ವರ್ಷದಿಂದ ಕಾದವರಂತೆ ಆರನೆಯದಕ್ಕೆ ದನಿ ಕೊಟ್ಟರು. ಆದರೆ ಬಿಡುವ ಮೊದಲು ರಾಯರ ಕೈ ಹಿಡಿದು, ಈ ಧಾಟಿ ಸರಿಯೋ ನೋಡು ಎಂದು ಒಂದೆರಡು ಸಾಲು ಕೇಳಿಸಿಯೇ ಬಿಟ್ಟರು.

ಮೊಟ್ಟೆಗಳು ತಣ್ಣೀರಿಗೆ ಬಿದ್ದವು. ರಾಯರು ಉಗುರಿನಿಂದ ಸುಲಿದರು. ಬೆರಳಿಗೆ ಮೆತ್ತಗೆ ಹತ್ತಿತು. ಹಾಲುಗಲ್ಲದ ಕೂಸನ್ನು ಎತ್ತಿಕೊಂಡಂತೆ ಎತ್ತಿ, ಕವಚ ಹಾಕಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಕರಿದರು. ಉಳಿದ ಬಟಾಟೆಯಲ್ಲಿ ಮೊಟ್ಟೆಯಿಲ್ಲದ ಹದಿನಾಲ್ಕು ಉಂಡೆ ಬೇರೆ ಎಣ್ಣೆಯಲ್ಲಿ ಮೊದಲೇ ಕರಿದು ಹೊರಗೆ ಕೊಟ್ಟಿದ್ದರು. ಎರಡು ತಾಟುಗಳೂ ನೋಡಲು ಒಂದೇ ಥರ ಇದ್ದರೂ ಅದಲುಬದಲಾಗಲು ಅವರು ಬಿಡಲಿಲ್ಲ. ಆ ಜನರ ಜಾತಿ ಕೆಡಿಸುವಷ್ಟು ಕೆಟ್ಟವರಲ್ಲ ರಾಯರು. ನಾಲ್ಕು ಚಿನ್ನದ ಗುಂಡುಗಳು ಡ್ರೈ ಬಾಲ್ಕನಿಯಲ್ಲಿ ಲಾಲಪ್ಪನ ದಾರಿ ಕಾಯುತ್ತ ಕುಳಿತವು.

ನಾಲ್ಕಕ್ಕೆ ಸರಿಯಾಗಿ ಲಾಲಪ್ಪ ಬಂದ. ಬಿಳಿ ಅಂಗಿ, ಬಿಳಿ ಧೋತರ, ಕೊರಳಿಗೆ ಸುತ್ತಿದ ಮಫ್ಲರು. ಕೂದಲು ಪೂರಾ ಹತ್ತಿಯಾಗಿತ್ತು. ರಾಯರು ಅವನನ್ನು ತಬ್ಬಿಕೊಂಡು, ಬಾ ಲಾಲಪ್ಪಣ್ಣ, ಕೈಕಾಲು ತೊಳಕೋ ಎಂದು ಒಳಗೆ ಎಳೆದರು. ಆದರೆ ಲಾಲಪ್ಪ ಹೊಸ್ತಿಲಲ್ಲೇ ನಿಂತುಬಿಟ್ಟ. ಒಳಗೆ ರಂಗೂಬಾಯಿ ಇಪ್ಪತ್ತೊಂದನೆಯ ಪದ್ಯದಲ್ಲಿದ್ದರು. ಅವನು ಕೈಮುಗಿದು, ಕಡೆಯ ಪದ್ಯ ಮುಗಿಯುವ ತನಕ ಅಲ್ಲಾಡಲಿಲ್ಲ. ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಯಾರಪ್ಪ ನೀ, ಈ ಪದ್ಯ ನಿನಗ ಹೆಂಗ ಗೊತ್ತು ಎಂದು ರಂಗೂಬಾಯಿ ಕೇಳಿದರು.

"ಈ ರಾಯರ ಬಾಯಿಂದನ ಕೇಳೀನ್ರೀ ಅವ್ವಾ. ಆದರ ಐದು ಪದ್ಯ ಹೇಳಿ ನಿಲ್ಲಸತಿದ್ರು. ದಿನಾ ಐದಕ್ಕ. ಆನಿ ನೀರಾಗನ ಉಳೀತಿತ್ತು. ಮನಿಗಿ ಹೋಗಿ ಉಣ್ಣಾಕ ಕುಂತ್ರ ತುತ್ತು ಇಳೀತಿದ್ದಿಲ್ರೀ. ಬಿಡಿಸ್ಕೊಂತೋ ಇಲ್ಲೋ ಅನ್ನೂದ ಚಿಂತಿ."

"ಕೇಳಬೇಕಿಲ್ಲೋ, ಮುಂದ ಏನಾತು ಅಂತ? ಐದಕ್ಕ ಯಾಕ ನಿಲ್ಲಸತಿದ್ದ ಇವಾ?"

ಲಾಲಪ್ಪ ರಾಯರ ಕಡೆ ನೋಡಿದ. ರಾಯರು ಮಾಳಿಗೆಯ ಫ್ಯಾನಿನ ಕಡೆ ನೋಡಿದರು.

"ಅದೊಂದು ಲೆಕ್ಕ ಇತ್ರೀ," ಎಂದ ಲಾಲಪ್ಪ. "ಐದಾದ ಕೂಡ್ಲೆ ನನಗ ಕೆಲಸ ಇರ್ತಿತ್ತು. ಆಮ್ಯಾಲ ರಾಯರಿಗೆ ವರ್ಗ ಆತು, ಕೇಳೂದ ಉಳೀತು. ನನಗ ತಡಿಲಿಲ್ಲ. ಆಳಂದಿಗೆ ಹೋಗಿ ಕೀರ್ತನಾ ಹೇಳಾವ್ರನ್ನ ಕೇಳ್ದೆ, ಆನಿ ಏನಾತ್ರೀ ಅಂತ. ಕುಂತು ಕೇಳು ಅಂದ್ರು. ಮರಾಠಿ ಅರ್ಧ ತಿಳೀತು, ಅರ್ಧ ಇಲ್ಲ. ಏಳನೇ ದಿನ ಹರಿ ಬಂದ. ಅವತ್ತ ಮಾಳ ಹಾಕ್ಕೊಂಡೆ."

ಅವನು ಮಫ್ಲರು ಬಿಚ್ಚಿದ. ಕೊರಳಲ್ಲಿ ತುಳಸಿಯ ಮಾಲೆ, ಬೆವರು ಕುಡಿದು ಕಪ್ಪಾದ ಮಣಿಗಳು.

"ಮಾಂಸ, ಮೀನ, ತತ್ತಿ, ಎಲ್ಲಾ ಬಿಟ್ಟು ಇಪ್ಪತ್ತೊಂಬತ್ತು ವರ್ಷ ಆತ್ರೀ. ಎಲ್ಲಾ ಇವರ ಪುಣ್ಯ. ಇವರು ಪೂರಾ ಹೇಳಿದ್ರ ನಾ ಕೇಳಿ ಮರ್ತುಬಿಡ್ತಿದ್ದೆ."

ರಾಯರು ಒಳಗೊಳಗೇ ಲೆಕ್ಕ ಹಾಕಿದರು. ತಾವು ಪದ್ಯ ಕೊಟ್ಟು ಮೊಟ್ಟೆ ಪಡೆದಿದ್ದರು, ಅವನು ಮೊಟ್ಟೆ ಕೊಟ್ಟು ಪದ್ಯ ಪಡೆದಿದ್ದ. ಅವನಿಗೆ ಸಿಕ್ಕದ್ದು ಅವನ ಕೊರಳಲ್ಲಿತ್ತು, ತಮಗೆ ಸಿಕ್ಕದ್ದು ವಾಷಿಂಗ್ ಮಶೀನಿನ ಮಗ್ಗುಲಲ್ಲಿತ್ತು.

ಅಷ್ಟರಲ್ಲಿ ಲಾಲಪ್ಪ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದ. ಊರಿಗೆ ಹೋಗುವ ಮೊದಲು ಗುರುಕಾಣಿಕೆ ಒಪ್ಪಿಸಿ ಹೋಗಬೇಕೆಂದು ಪಂಢರಪುರದಿಂದ ತರಿಸಿದ್ದನಂತೆ. ಹೊಸ ತುಳಸಿಮಾಲೆ. ರಾಯರು ಬೇಡ ಅನ್ನಲು ಬಾಯಿ ತೆರೆಯುವುದರೊಳಗೆ ಮಾಲೆ ಅವರ ಕೊರಳಲ್ಲಿತ್ತು, ಲಾಲಪ್ಪನ ಹಣೆ ಅವರ ಪಾದದ ಮೇಲಿತ್ತು, ರಘುರಾಮನ ಮೊಬೈಲು ಎಲ್ಲವನ್ನೂ ಹಿಡಿದಾಗಿತ್ತು. ಇದೇ ಹೊತ್ತಿಗೆ ರಿಕ್ಷಾದವನಿಗೆ ಕೇಳಿದಷ್ಟು ಕೊಟ್ಟು ಓಡಿಸಿಕೊಂಡು ಬಂದ ಮುಕ್ತಾ ಬಾಗಿಲಲ್ಲಿ ನಿಂತಳು. ಗಂಡನ ಕೊರಳಿನ ಮಾಲೆಯನ್ನು ನೋಡಿ ಅಲ್ಲೇ ಗೋಡೆಗೆ ಒರಗಿ ಅತ್ತಳು. ಮದುವೆಯ ದಿನವೂ ಅವಳು ತಮ್ಮನ್ನು ಹಾಗೆ ನೋಡಿದ್ದು ರಾಯರಿಗೆ ನೆನಪಿರಲಿಲ್ಲ. ಇನ್ನು ಪ್ರತಿ ಬುಧವಾರ ಇಲ್ಲಿಯೇ ಪಾರಾಯಣವೆಂದು ರಂಗೂಬಾಯಿ ಸಾರಿಬಿಟ್ಟರು.

ಆ ಗದ್ದಲದಲ್ಲಿ ರಾಯರು ಲಾಲಪ್ಪನ ತೋಳು ಹಿಡಿದು ಡ್ರೈ ಬಾಲ್ಕನಿಗೆ ಕರೆದುಕೊಂಡು ಬಂದು ಬಾಗಿಲು ಹಾಕಿದರು. ತಾಟಿನ ಮೇಲಿನ ಅರಿವೆ ಸರಿಸಿದರು.

ಲಾಲಪ್ಪ ಗುಂಡುಗಳನ್ನು ಒಂದೊಂದಾಗಿ ಎಣಿಸಿದ. "ನೀವ ಮಾಡಿದ್ರ್ಯಾ?"

"ನಿನಗ ಮಾತು ಕೊಟ್ಟಿದ್ದೆ."

ಲಾಲಪ್ಪ ಒಂದು ಗುಂಡನ್ನು ಎತ್ತಿ, ತೂಕ ನೋಡಿ, ಕವಚದ ಮೇಲೆ ಹೆಬ್ಬೆರಳು ಆಡಿಸಿ, ಮೆಲ್ಲಗೆ ತಿರುಗಿ ತಾಟಿನಲ್ಲಿಟ್ಟ. ತಿನ್ನುವ ಹಾಗಿಲ್ಲ. ಕೊರಳಿಗೆ ಮಾಲೆ ಬಿದ್ದ ಮೇಲೆ ರಾಯರೂ ತಿನ್ನುವ ಹಾಗಿಲ್ಲ. ಆದರೆ ನೋಡಲು ಯಾವ ಶಾಸ್ತ್ರದ ಅಡ್ಡಿಯಿದೆ? ರಾಯರು ಚಾಕು ತಂದು ಒಂದನ್ನು ನಡುವೆ ಸೀಳಿದರು. ಗರಿಗರಿಯೆಂದ ಸದ್ದು. ಒಂದು ಎಳೆ ಹಬೆ ಎದ್ದಿತು, ಅದರ ಜೊತೆ ಇಡೀ ಪಿಂಪ್ರಿಯ ಬೆಳಗು ಎದ್ದು ಬಂತು. ಇಬ್ಬರೂ ಉಸಿರೆಳೆದುಕೊಂಡರು.

ಲಾಲಪ್ಪ ಕನ್ನಡಕ ಏರಿಸಿ ಬಾಗಿದ. ಇಪ್ಪತ್ತೊಂಬತ್ತು ವರ್ಷ ಮೊಟ್ಟೆ ಮುಟ್ಟದ ಬಾಣಸಿಗ ಹಳದಿಯನ್ನು ಒಂದು ಮಗ್ಗುಲಿನಿಂದ ನೋಡಿದ, ಇನ್ನೊಂದು ಮಗ್ಗುಲಿನಿಂದ ನೋಡಿದ. ನಡುವೆ ಜೇನು ಇತ್ತು. ಅಂಚಿನಲ್ಲಿ ಕೂದಲೆಳೆಯಷ್ಟು ಫೇಡೆ ಕಟ್ಟಲು ಸುರುವಾಗಿತ್ತು.

"ಅರ್ಧ ಪದ್ಯ ಹೆಚ್ಚಾತ್ರೀ, ರಾಯರ," ಎಂದ. "ಮುಂದಿನ ಸಲ ನಾಕೂವರಿಗೇ ಇಳಸ್ರಿ."

ಹೇಳಿದ ಮೇಲೆ ಅವನು ತಲೆಯೆತ್ತಿದ. ರಾಯರೂ ಎತ್ತಿದರು. ಇಬ್ಬರು ಮುದುಕರು ಒಬ್ಬರ ಕೊರಳನ್ನೊಬ್ಬರು ನೋಡುತ್ತ ನಿಂತರು. ತಾಟಿನಲ್ಲಿ ಜೇನು ಮೆಲ್ಲಗೆ ಅಂಚು ದಾಟಿ ಹರಿಯಿತು, ನೆಕ್ಕುವವರು ಯಾರೂ ಇರಲಿಲ್ಲ.